ಗಿರಿಜಾ ಟೀಚರ ಡಾಬು

ಕಳೆದ ವರ್ಷ ದೀಪಾವಳಿ ಮುಗಿದ ಎರಡನೇ ಭಾನುವಾರ ಬೆಳಿಗ್ಗೆ, ಬೆಳಗಾವಿಯ ಒಂದು ಕಾಲೇಜಿನ ಗೇಟಿನಲ್ಲಿ, ಶಿಕ್ಷಕರ ನೇಮಕಾತಿ ಪರೀಕ್ಷೆ ಬರೆಯಲು ಬಂದಿದ್ದ ಗಿರಿಜಾ ಅವರ ಇನ್ಸುಲಿನ್ ಪಂಪಿನ ನಳಿಕೆಯನ್ನು ತಪಾಸಣೆಯವರು ಕತ್ತರಿಸಿ ಹಾಕಿದರು. ಅಭ್ಯರ್ಥಿಗಳ ಅಂಗಿಯ ತುಂಬುತೋಳು ಕತ್ತರಿಸಲೆಂದು ತಂದಿದ್ದ ಕತ್ತರಿ ಅದು. ಪತ್ರಿಕಾ ವರದಿಗಾರನಾಗಿ ಪರೀಕ್ಷೆಯ ಸುದ್ದಿಗೆ ಹೋಗಿದ್ದ ನಾನು ಗೇಟಿನ ಹೊರಗೆ ನಿಂತಿದ್ದೆ.

ಗಿರಿಜಾ ಅನಗೋಳದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಊರು ಪಾರಿಶ್ವಾಡ. ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಪ್ರತಿ ಜೂನ್‌ನಲ್ಲಿ ಹೊಸದಾಗಿ ಕೇಳಿಕೊಂಡು ಸೇರಬೇಕು, ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಮನೆಗೆ ಹೋಗಬೇಕು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು, ಬಂದವರೇ ಓದಲು ಕೂಡುತ್ತಿದ್ದರು. ವಯೋಮಿತಿ ಮುಗಿಯುತ್ತ ಬಂದಿತ್ತು. ಕಾಯಂ ನೌಕರಿಗೆ ಆ ಪರೀಕ್ಷೆಯೇ ಅವರ ಕೊನೆಯ ಅವಕಾಶ.

ಮೊದಲ ಸಲ ಕೋಣೆ ನೋಡಲು ಬಂದಾಗ ಕೇಳುವ ಮೊದಲೇ ಹೇಳಿದ್ದರು. "ಕಾಕಾರ, ಇದು ಮೊಬೈಲ್ ಅಲ್ಲ. ಸಕ್ಕರಿ ರೋಗದ ಮಷೀನು. ಒಮ್ಮೊಮ್ಮಿ ಒದರತೈತಿ. ನಿಮಗ ತ್ರಾಸ ಆಗೂದಿದ್ರ ಈಗ ಹೇಳಿಬಿಡ್ರಿ."

ಸೀರೆಯ ನೆರಿಗೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ. ಅದರಿಂದ ಹೊರಟ ಸಪೂರ ನಳಿಕೆ ಹೊಟ್ಟೆಯ ಚರ್ಮಕ್ಕೆ ಅಂಟಿಸಿದ ಪಟ್ಟಿಯವರೆಗೆ ಹೋಗುತ್ತಿತ್ತು. ಹುಡುಗಿಯಾಗಿದ್ದಾಗಲೇ ಬಂದ ಮಧುಮೇಹ. ಅವರ ದೇಹ ಇನ್ಸುಲಿನ್ ತಯಾರಿಸುವುದಿಲ್ಲ. ಚುಚ್ಚುಮದ್ದಿನ ಕಾಲದಲ್ಲಿ ಸಕ್ಕರೆ ಏಕಾಏಕಿ ಇಳಿದು ಎರಡು ಸಲ ಕರಿಹಲಗೆಯ ಮುಂದೆಯೇ ಬಿದ್ದಿದ್ದರು. ಮೂರನೇ ಸಲ ಬಿದ್ದರೆ ಮುಂದಿನ ಜೂನ್‌ನಲ್ಲಿ ಕರೆಯುವುದಿಲ್ಲ ಎಂದು ಶಾಲೆಯವರು ನಯವಾಗಿ ತಿಳಿಸಿದ್ದರು. ಆಗ ಪಂಪು ಬಂತು.

ಅದನ್ನು ಕೊಂಡದ್ದು ಅವರ ಅಜ್ಜಿ. ಗಿರಿಜಾರನ್ನು ಸಾಕಿ ಬೆಳೆಸಿದ ಆ ಆಯಿಯ ಹತ್ತಿರ ಮೊಮ್ಮಗಳ ಮದುವೆಗೆಂದು ತೆಗೆದಿಟ್ಟ ಒಂದು ಡಾಬು ಇತ್ತು, ಸೊಂಟಕ್ಕೆ ಕಟ್ಟುವ ಬಂಗಾರದ ಪಟ್ಟಿ. ಅದನ್ನು ಮಾರಿದರು. ಅನಗೋಳಕ್ಕೆ ಬಂದಾಗಲೊಮ್ಮೆ ಆಯಿ ನನ್ನ ಹೆಂಡತಿಗೆ ಹೇಳಿದ್ದು ಇಷ್ಟೇ: "ಸೊಂಟಕ್ಕಂತ ಇಟ್ಟದ್ದು ಸೊಂಟಕ್ಕ ಹೋತ ಬಿಡವ್ವಾ. ಬ್ಯಾರೆ ಎಲ್ಲೂ ಹೋಗಿಲ್ಲ."

ಆಮೇಲೆ ಯಾರು ಕೇಳಿದರೂ ಗಿರಿಜಾ, "ಇದರಿ? ನಮ್ಮ ಆಯಿ ಡಾಬು," ಎನ್ನುತ್ತಿದ್ದರು. ಆದರೆ ನಿಜ ತಿಳಿಯಬೇಕೆಂದು ಕೇಳಿದವರಿಗೆ ಸುಳ್ಳು ಹೇಳುತ್ತಿರಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಳ್ಳಬಾರದೇ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. "ಮುಚ್ಚಿದ್ರ ಜನಾ ಹೆಚ್ಚು ಹಣಕಿ ನೋಡ್ತಾರ್ರಿ ಕಾಕು. ತೋರಿಸಿದ್ರ ಒಮ್ಮಿ ನೋಡಿ ಸುಮ್ನ ಆಗ್ತಾರ."

ಪಂಪು ನಿಂತರೆ ಏನಾಗುತ್ತದೆ ಎಂದು ನಾನು ಕೇಳಿದ್ದೆ. "ಸೂಜಿ ಅಂದ್ರ ಹಗೇವಿನ್ಯಾಗ ಜ್ವಾಳಾ ತುಂಬಿಟ್ಟಂಗ್ರಿ, ಒಂದಿನ ತಡೀತೈತಿ. ಇದು ನಳದ ನೀರು. ಹನಿ ಹನಿ ಬರ್ತಿರಬೇಕು. ನಳಾ ನಿಂತ್ರ ಮನ್ಯಾಗ ಒಂದು ಕೊಡಾ ಇಲ್ಲ." ಸ್ನಾನಕ್ಕೆ ಬಿಚ್ಚಿಡಬಹುದು. ಹೆಚ್ಚು ಹೊತ್ತು ಬಿಟ್ಟರೆ ರಕ್ತ ಹುಳಿಯಾಗುತ್ತದೆ. ಅದಕ್ಕಾಗಿ ಬ್ಯಾಗಿನಲ್ಲಿ ಯಾವಾಗಲೂ ಒಂದು ಹೆಚ್ಚಿನ ನಳಿಕೆ, ಒಂದು ಇನ್ಸುಲಿನ್ ಪೆನ್ನು ಇರುತ್ತಿತ್ತು.

ಬೇರೆ ಸುದ್ದಿಗೆಂದು ಖಾನಾಪುರಕ್ಕೆ ಹೋದಾಗ ಒಮ್ಮೆ ಅವರ ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಊಟದ ಬಿಡುವಿಗೆ ಮುಂಚಿನ ಪಾಠ. ಅವರು ಬುತ್ತಿ ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಉಣ್ಣುವ ಮೊದಲು ಪಂಪಿನ ಗುಂಡಿ ಒತ್ತಿ ಊಟಕ್ಕೆ ತಕ್ಕಷ್ಟು ಇನ್ಸುಲಿನ್ ಬಿಟ್ಟುಕೊಳ್ಳಬೇಕು.

"ಹತ್ತು ಗ್ರಾಂ ಪಿಷ್ಟಕ್ಕ ಒಂದು ಯೂನಿಟ್. ಎರಡು ರೊಟ್ಟಿ ಅದಾವು, ಒಂದಕ್ಕ ಇಪ್ಪತ್ತೈದು ಗ್ರಾಂ. ಎಷ್ಟು ಒತ್ತಲಿ? ಲಗೂನ ಹೇಳ್ರಿ, ಹಸಿವಿ ಆಗೈತಿ."

ಮುಂದಿನ ಸಾಲಿನ ಹುಡುಗ ಎದ್ದು "ಐವತ್ತು" ಎಂದ.

ಗಿರಿಜಾ ಮೇಜಿನ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿದರು. "ಸತ್ತೆ. ಕುಂದರು. ನಮ್ಮ ಆಯಿಗೆ ನೀನ ಹೋಗಿ ಹೇಳು."

ತರಗತಿ ನಕ್ಕಿತು. ಹಿಂದಿನಿಂದ ಒಬ್ಬ ಹುಡುಗಿ ಮರಾಠಿಯಲ್ಲಿ ಕೂಗಿದಳು: "ಬಾಈ, ಪಾಚ!" ಅಲ್ಲಿನ ಅರ್ಧ ಮಕ್ಕಳ ಮನೆಮಾತು ಮರಾಠಿ, ಟೀಚರಿಗೆ ಅವರು ಬಾಈ ಎನ್ನುತ್ತಾರೆ. ಗಿರಿಜಾ ತಲೆ ಎತ್ತಿ ಐದು ಯೂನಿಟ್ ಒತ್ತಿ, ಎಲ್ಲರ ಎದುರಿಗೆ ರೊಟ್ಟಿ ಮುರಿದರು. ಆ ಶಾಲೆಯಲ್ಲಿ ಅನುಪಾತದ ಲೆಕ್ಕ ತಪ್ಪುವವರು ಕಡಿಮೆ ಎಂದು ಮುಖ್ಯೋಪಾಧ್ಯಾಯರು ನನಗೆ ಹೇಳಿದರು. ಗಿರಿಜಾ ಅವರ ಹುದ್ದೆ ಕಾಯಂ ಆಗುತ್ತದೆಯೇ ಎಂದು ಕೇಳಿದೆ. "ಅದು ನಮ್ಮ ಕೈಯಾಗಿಲ್ರಿ," ಎಂದರು.

ಬೆಳಗಾವಿಯ ಒಂದು ವ್ಯಾಪಾರಸ್ಥರ ಮನೆತನ ಗಿರಿಜಾರನ್ನು ನೋಡಲು ಬಂದದ್ದು ನಮ್ಮ ಪಡಸಾಲೆಗೆ. ರವೆಯ ಸಿಹಿ ಶಿರಾದ ತಟ್ಟೆ ಕೈಗೆ ಬಂದಾಗ ಗಿರಿಜಾ ತಮ್ಮ ಅಭ್ಯಾಸದಂತೆ ಅಂದಾಜು ಮಾಡಿ ಗುಂಡಿ ಒತ್ತಿದರು. ವರನ ಸೋದರತ್ತೆ ಬಗ್ಗಿ ನೋಡಿದರು.

"ಅದೇನವಾ, ಟಿವಿ ರಿಮೋಟ ಏನು?"

"ಹೂನ್ರಿ. ನಾ ಚಾಲೂ ಬಂದ್ ಆಗೂದು ಇದರಿಂದನ."

ವರ ನಕ್ಕ. ಅತ್ತೆ ನಗಲಿಲ್ಲ. "ಅಕ್ಕಿಕಾಳ ಬೀಳೂ ಮುಂದ ತಗದಿಡಾಕ ಬರ್ತೈತೇನು? ಫೋಟೋದಾಗ ಛಂದ ಕಾಣಂಗಿಲ್ಲ."

"ಬರ್ತೈತ್ರಿ. ಜಳಕಕ್ಕ ತಗೀತೀನಿ. ನಿಮ್ಮ ಲಗ್ನ ಜಳಕಕ್ಕಿಂತ ಉದ್ದ ಇರಬಾರದು ನೋಡ್ರಿ."

ಅವರು ಮತ್ತೆ ಬರಲಿಲ್ಲ. ಉಳಿದ ಶಿರಾವನ್ನು ಗಿರಿಜಾ ಲೆಕ್ಕ ಹಾಕಿ ತಿಂದರು.

ಪರೀಕ್ಷೆಯ ದಿನ ವೈದ್ಯರ ಪತ್ರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ತಂದಿದ್ದರು. ಹಿಂದಿನ ಪರೀಕ್ಷೆಗಳಲ್ಲಿ ಕಿವಿಯೊಳಗೆ ಯಂತ್ರ ಇಟ್ಟು ನಕಲು ಮಾಡಿದ ಪ್ರಕರಣಗಳಿಂದ ಆ ಸಲ ತಪಾಸಣೆ ಬಿಗಿಯಾಗಿತ್ತು. ಗಂಡಸರ ಅಂಗಿಯ ತೋಳು ಬಯಲಿನಲ್ಲೇ ಕತ್ತರಿಸುತ್ತಿದ್ದರು. ಹೆಂಗಸರಿಗೆ ಗೇಟಿನ ಬದಿಯಲ್ಲಿ ಬಟ್ಟೆಯ ಮರೆ ಕಟ್ಟಿದ್ದರು. ಒಳಗೆ ಆಡಿದ ಮಾತು ಹೊರಗೆ ಕೇಳುತ್ತಿತ್ತು.

"ಇದೇನು ವಾಯರು?"

"ವಾಯರ್ ಅಲ್ರಿ ಅಕ್ಕಾರ, ಔಷಧದ ನಳಗಿ. ಡಾಕ್ಟರ್ ಚೀಟಿ ಐತಿ, ಓದ್ರಿ."

"ಚೀಟಿ ಎಲ್ಲಾರ ಕಡೇನೂ ಇರ್ತಾವು. ಬ್ಲೂಟೂತ್ ಐತೇನು ಇದರಾಗ?"

ರಕ್ತದ ಸಕ್ಕರೆ ಅಳೆಯಲು ತೋಳಿಗೆ ಅಂಟಿಸಿಕೊಂಡ ಬಿಲ್ಲೆಯೊಂದಿಗೆ ಪಂಪಿಗೆ ಸಂಪರ್ಕ ಇರುವುದು ಬ್ಲೂಟೂತ್‌ನಿಂದಲೇ.

"ಐತ್ರಿ," ಎಂದರು ಗಿರಿಜಾ. "ನಿಲ್ರಿ, ನಾನ ಬಿಚ್ಚತೀನಿ, ಇಲ್ಲೊಂದು—"

ಅಷ್ಟರಲ್ಲಿ ಕತ್ತರಿಯ ಸಪ್ಪಳ ಕೇಳಿತು. ಪಂಪು ಅಭ್ಯರ್ಥಿಗಳಿಂದ ಬಿಚ್ಚಿಸಿದ ಕೈಗಡಿಯಾರಗಳ ರಟ್ಟಿನ ಡಬ್ಬಿಗೆ ಹೋಯಿತು. ಹೆಚ್ಚಿನ ನಳಿಕೆ, ಪೆನ್ನು ಇದ್ದ ಬ್ಯಾಗು ಗೇಟಿನ ಹೊರಗಿನ ರಾಶಿಯಲ್ಲಿತ್ತು. ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದು ಧ್ವನಿವರ್ಧಕ ಹೇಳುತ್ತಿತ್ತು. ಗಿರಿಜಾ ಮರೆಯಿಂದ ಹೊರಬಂದು ನನ್ನ ಕಡೆ ನೋಡಿದರು, ಬ್ಯಾಗಿನ ರಾಶಿಯ ಕಡೆ ನೋಡಿದರು, ಒಳಗೆ ಹೋದರು. ಡಬ್ಬಿಯ ಹತ್ತಿರವಿದ್ದ ಅಧಿಕಾರಿಗೆ ನಾನು ವಿಷಯ ಹೇಳಿದೆ. ಮೇಲಿನವರಿಗೆ ತಿಳಿಸುತ್ತೇನೆ ಎಂದರು.

ಬೆಳಿಗ್ಗೆ ಒಂದು ಪತ್ರಿಕೆ, ಮಧ್ಯಾಹ್ನ ಒಂದು. ನಡುವೆ ಅಭ್ಯರ್ಥಿಗಳನ್ನು ಆವರಣದಲ್ಲೇ ಇರಿಸಿಕೊಂಡರು. ಗಿರಿಜಾ ಬ್ಯಾಗು ಕೇಳಿದರು. ಎರಡನೇ ಪತ್ರಿಕೆ ಮುಗಿದ ಮೇಲೆ ಎಂಬ ಉತ್ತರ ಬಂತು. ಅವರು ಊಟ ಮಾಡದೆ ನೀರು ಕುಡಿಯುತ್ತ ಕುಳಿತರು. ಇದನ್ನು ಅವರ ಪಕ್ಕದಲ್ಲಿ ಕುಳಿತಿದ್ದ ಅಭ್ಯರ್ಥಿ ಆಮೇಲೆ ನನಗೆ ಹೇಳಿದರು.

ಸಂಜೆ ಹೊರಗೆ ಬಂದಾಗ ಉಸಿರು ಜೋರಾಗಿತ್ತು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ಗೇಟಿನ ಗೋಡೆ ಹಿಡಿದು ವಾಂತಿ ಮಾಡಿಕೊಂಡರು. ಆಟೋದಲ್ಲಿ ಕೂಡಿಸಿದೆ. "ಕಾಕಾರ, ಒಂದೂ ಬಿಟ್ಟಿಲ್ಲ. ಎಲ್ಲಾ ಬರದೀನಿ," ಎಂದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಚ್ಚರವಿರಲಿಲ್ಲ.

ತೀವ್ರ ನಿಗಾ ಘಟಕದಿಂದ ಸಾಮಾನ್ಯ ವಾರ್ಡಿಗೆ ಬಂದ ದಿನವೇ ಪರೀಕ್ಷೆ ರದ್ದಾದ ಸುದ್ದಿ ಬಂತು. ಇನ್ನೊಂದು ಜಿಲ್ಲೆಯಲ್ಲಿ ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಸೋರಿಕೆಯಾಗಿತ್ತು. ಅದನ್ನು ಅವರಿಗೆ ಹೇಳಿದವನು ನಾನೇ. ಗಿರಿಜಾ ಸಲೈನ್ ಬಾಟಲಿ ನೋಡುತ್ತಿದ್ದರು.

"ಪೇಪರ್ ಮಾರಿದವರ ತೋಳು ಯಾರೂ ಕತ್ತರಿಸಲಿಲ್ಲೇನ್ರಿ?"

ಮಂಚದ ಬದಿಯಲ್ಲಿದ್ದ ಆಯಿ, "ಸುಮ್ನ ಮಲಗವಾ," ಎಂದರು.

ಡಬ್ಬಿಯಿಂದ ವಾಪಸು ತಂದ ಪಂಪಿಗೆ ಹೊಸ ನಳಿಕೆ ಹಾಕಿಕೊಂಡು ಮನೆಗೆ ಬಂದ ಮೇಲೆ ಗಿರಿಜಾ ಪರೀಕ್ಷೆ ನಡೆಸುವ ಕಚೇರಿಗೆ ಮನವಿ ಬರೆದರು. ಯಾರನ್ನೂ ಶಿಕ್ಷಿಸಿ ಎಂದು ಕೇಳಿರಲಿಲ್ಲ. ಇನ್ಸುಲಿನ್ ಪಂಪಿನ ಬಗ್ಗೆ ನಿಯಮದಲ್ಲಿ ಏನೂ ಇಲ್ಲ, ಮರುಪರೀಕ್ಷೆಗೆ ಮುಂಚೆ ಅದನ್ನು ಸ್ಪಷ್ಟಪಡಿಸಿ ಎಂದಷ್ಟೇ ಕೇಳಿದ್ದರು. ಕಚೇರಿ ಸ್ಪಷ್ಟಪಡಿಸಿತು. ಮರುಪರೀಕ್ಷೆಯ ಸೂಚನೆಯಲ್ಲಿ, ಒಳಗೆ ತರಬಾರದ ವಸ್ತುಗಳ ಸಾಲಿನಲ್ಲಿ, ಬ್ಲೂಟೂತ್ ಸಾಧನದ ಮುಂದೆ "ಇನ್ಸುಲಿನ್ ಪಂಪ್" ಎಂದು ಸೇರಿತ್ತು. ಸಿರಿಂಜು, ತಿನಿಸು ಮೊದಲೇ ಇದ್ದವು.

ಗಿರಿಜಾ ಅದನ್ನು ನಮ್ಮ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದರು. "ನನಗ ನೌಕರಿ ಸಿಗಲಿಲ್ಲ, ಕಾಕಾರ. ಆಯಿ ಡಾಬಿಗೆ ಸರ್ಕಾರದ ಕಾಗದದಾಗ ಹೆಸರು ಸಿಕ್ತು."

ಒಂದು ದಿನದ ಮಟ್ಟಿಗೆ ಮನೆಯಲ್ಲೇ ಚುಚ್ಚುಮದ್ದು ತೆಗೆದುಕೊಂಡು ಹೋಗಲು ಬರುವುದಿಲ್ಲವೇ ಎಂದು ನನ್ನ ಹೆಂಡತಿ ಕೇಳಿದಳು.

"ಹಾಕ್ಕೊಂಡು ಹೋಗಿ ಸಕ್ಕರಿ ಇಳಿದ್ರ ಬಾಯಾಗ ಹಾಕ್ಕೊಳ್ಳಾಕ ಒಂದು ತುಣುಕ ಬೆಲ್ಲಾನೂ ಬಿಡಂಗಿಲ್ಲ. ಮೊದಲಿನಂಗ ಬೀಳ್ತೀನಿ. ಹಾಕ್ಕೊಳ್ಳದ ಹೋದ್ರ ಏನಾಕ್ಕೈತಿ ನೀವ ನೋಡೀರಿ. ಸಾಕ್ರಿ ಕಾಕು."

ಮರುಪರೀಕ್ಷೆ ಮಾರ್ಚ್‌ನಲ್ಲಿ ನಡೆಯಿತು. ಗಿರಿಜಾ ಹೋಗಲಿಲ್ಲ. ಕಾಯಂ ಆಗುವ ದಾರಿ ಮುಚ್ಚಿದ ಮೇಲೆ ಜೂನ್‌ನಲ್ಲಿ ಅತಿಥಿ ಶಿಕ್ಷಕಿಯ ಅರ್ಜಿಯನ್ನೂ ಹಾಕಲಿಲ್ಲ.

ಅವರನ್ನು ಕೊನೆಯದಾಗಿ ಕಂಡದ್ದು ಖಾನಾಪುರದ ರೈಲು ನಿಲ್ದಾಣದಲ್ಲಿ. ಗೋವಾಕ್ಕೆ ಹೊರಟಿದ್ದರು. ಶಾಲೆ ತಪ್ಪಿಸಿ ಏಳೆಂಟು ಮಕ್ಕಳು ಬಂದಿದ್ದರು. ಗಿರಿಜಾ ಕಿಟಕಿಯ ಬದಿಗೆ ಕುಳಿತು ನನ್ನ ಹೆಂಡತಿ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದರು.

"ಮೂರು ಚಪಾತಿ. ಒಂದಕ್ಕ ಇಪ್ಪತ್ತು ಗ್ರಾಂ. ಎಷ್ಟು?"

"ಆರು!" ಎಂದರು ಕೆಲವರು. "ಸಹಾ!" ಎಂದರು ಉಳಿದವರು ಮರಾಠಿಯಲ್ಲಿ. ಐವತ್ತು ಎಂದಿದ್ದ ಹುಡುಗನೂ ಅಲ್ಲಿದ್ದ. ಅವನೂ ಆರು ಎಂದ.

ಗಿರಿಜಾ ಗುಂಡಿ ಒತ್ತಿದರು. ರೈಲು ಹೊರಟಿತು.

ಈಗ ಅವರು ಗೋವಾದ ಒಂದು ಔಷಧ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸದಲ್ಲಿದ್ದಾರೆ. ಆಯಿ ಪಾರಿಶ್ವಾಡದಲ್ಲಿ ತಮ್ಮ ಮಗಳೊಬ್ಬಳ ಮನೆಯಲ್ಲಿದ್ದಾರೆ. ಮರುಪರೀಕ್ಷೆಯ ಫಲಿತಾಂಶ ಪ್ರಕಟವಾಗಿಲ್ಲ. ಖಾನಾಪುರದ ಆ ಪ್ರೌಢಶಾಲೆಯಲ್ಲಿ ಗಣಿತದ ಹುದ್ದೆ ಖಾಲಿ ಇದೆ.