ಬೇಲಿಯಾಚೆಯ ಬಿಳುಪು

ಕಾಫಿ ಹೂ ಅರಳಿರುವಾಗ ತೋಟದೊಳಗೆ ಯಾರೂ ಕಾಲಿಡಬಾರದು. ಹೂ ಉದುರಿದರೆ ಕಾಯಿ ಕಟ್ಟುವುದಿಲ್ಲ. ಬಿಟ್ಟಂಗಾಲದ ಎಸ್ಟೇಟಿನಲ್ಲಿ ಮ್ಯಾನೇಜರನಾದ ನಾನೇ ಮಾಡಿದ ನಿಯಮ. ಆ ಬೆಳಗ್ಗೆ ಮಾಲೀಕರ ನೆಂಟರೆಲ್ಲ ಫೋಟೊಗೆಂದು ಒಳಗೆ ನುಗ್ಗಿದರು. ಅವರನ್ನು ಹೊರಗೆ ಕಳಿಸಲು ನಾನೂ ನುಗ್ಗಿದೆ. ಮಂಜಿನಲ್ಲಿ ಎಲ್ಲವೂ ಬಿಳಿ, ಎಲ್ಲವೂ ಪರಿಮಳ, ಬೈಯುವುದೇ ಮರೆತುಹೋಯಿತು.

ನಾರ್ವೆಯಲ್ಲಿ ನರ್ಸ್ ಆಗಿರುವ ಮಾಲೀಕರ ತಂಗಿ ಮಾತ್ರ ಬೇಲಿಯ ಹೊರಗೆ ರಸ್ತೆಯಲ್ಲೇ ನಿಂತಿದ್ದರು.

"ಬಾ ಅಕ್ಕ. ಹಿಮದಲ್ಲಿ ಓಡಾಡೋಳು, ಈ ಬಿಳಿಗೆ ಹೆದರ್ತೀಯಾ?" ಒಳಗಿನಿಂದ ಒಬ್ಬಳು ಕೆಣಕಿದಳು.

"ಅಲ್ಲಿ ಹಿಮ ಬಿದ್ರೆ ಸಲಿಕೆ ಹಿಡ್ದು ದಾರಿ ಬಿಡಿಸ್ಬೇಕು. ಇಲ್ಲಿ ನಾವು ದಾರಿ ಬಿಟ್ರೆ ಸಾಕು."

"ಅಷ್ಟು ದೂರದಲ್ಲಿ ನಿಂತ್ರೆ ಏನ್ ಸಿಗುತ್ತೆ?"

"ಹಿಮಕ್ಕೆ ವಾಸನೆ ಇಲ್ಲ ಕಣೇ," ಎನ್ನುತ್ತ ಅವರು ಕಣ್ಣು ಮುಚ್ಚಿ, ಮೂಗನ್ನಷ್ಟೇ ಬೇಲಿಯೊಳಗೆ ಚಾಚಿದರು.