ಟೊಳ್ಳು ಗೋಡೆಗೆ ಮರಳು ತುಂಬಿದ ಮೇಸ್ತ್ರಿ

೨೦೦೧ನೇ ಇಸವಿಯ ಬೇಸಿಗೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ನಾನು ಮಹಿಳಾ ಸಂಘದ ಕಾರ್ಯದರ್ಶಿಯಾಗಿದ್ದೆ. ಒಲೆ, ಕೊಟ್ಟಿಗೆ, ದೇವರಮನೆ ಬಿಟ್ಟರೆ ನಾನು ಹೊತ್ತ ಹುದ್ದೆ ಅದೊಂದೇ. ಊರಿನ ಅಂಗನವಾಡಿಗೆ ಹೊಸ ಕೊಠಡಿ ಕಟ್ಟಿಸುವ ಕೆಲಸ ಸಂಘದ ಪಾಲಿಗೆ ಬಂದಿತ್ತು. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಾಗ ನಾದಿನಿ ರತ್ನ ಓಡಿ ಬಂದಳು.

“ಅತ್ತಿಗೆ, ಬಡಗಿ ಕರಿಹಲಗೆಗೆ ಮೊಳೆ ಹೊಡೀತಿದ್ದ. ಪಡುವಣ ಗೋಡೆಯಾಗಿಂದ ಮರಳು ಸುರೀತೈತೆ, ನಿಲ್ತಾನೇ ಇಲ್ಲ.”

ಮೆಣಸಿನಕಾಯಿ ಬಿಟ್ಟು ಎದ್ದೆ. ಆ ಗೋಡೆಯೊಳಗೆ ಮರಳಿರಬಾರದಿತ್ತು, ಏನೂ ಇರಬಾರದಿತ್ತು. ಚಿತ್ರದುರ್ಗದಿಂದ ಬರುತ್ತಿದ್ದ ಇಂಜಿನಿಯರ್ ಮೇಡಂ ಹೇಳಿಕೊಟ್ಟ ರೀತಿಗೆ ರ‍್ಯಾಟ್ ಟ್ರ್ಯಾಪ್ ಬಾಂಡ್ ಎನ್ನುತ್ತಾರೆ. ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಎರಡು ಸಾಲುಗಳ ನಡುವೆ ಮೂರು ಇಂಚು ಖಾಲಿ ಬಿಟ್ಟು ಕಟ್ಟುವುದು. ನಾಲ್ಕು ಇಟ್ಟಿಗೆ ಹಿಡಿಯುವ ಕಡೆ ಮೂರು ಸಾಕು. ಸಿಮೆಂಟು ಕಡಿಮೆ, ಇಟ್ಟಿಗೆ ಸುಡುವ ಸೌದೆಯೂ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ನಡುವೆ ನಿಂತ ಗಾಳಿ ಬಿಸಿಲಿನ ಕಾವನ್ನು ಒಳಗೆ ಬಿಡುವುದಿಲ್ಲ.

ನಮಗೆ ಬೇಕಿದ್ದದ್ದೂ ಅದೇ. ಹಳೆಯ ಅಂಗನವಾಡಿಗೆ ತಗಡಿನ ಸೂರು. ಹಿಂದಿನ ಬೇಸಿಗೆಯಲ್ಲಿ ಎರಡು ಮಕ್ಕಳು ಕಾವಿಗೆ ತಲೆಸುತ್ತಿ ಬಿದ್ದ ಮೇಲೆ ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ಬಿಟ್ಟಿದ್ದರು. ಮೇಡಂ ಮರುದಿನವೇ ಕೊನೆಯ ತಪಾಸಣೆಗೆ ಬರುವವರಿದ್ದರು. ನಕ್ಷೆಯಂತೆ ಇಲ್ಲದ ಗೋಡೆಯನ್ನು ಒಡೆಸುತ್ತೇನೆ ಎಂದು ಮೊದಲೇ ಹೇಳಿದ್ದರು. ಒಡೆದರೆ ಈ ವರ್ಷವೂ ಆ ಕೂಸುಗಳಿಗೆ ತಗಡೇ ಗತಿ.

ಹೋಗಿ ನೋಡಿದರೆ ಮೇಸ್ತ್ರಿ ಇಮಾಮ್ ಸಾಬರು ಗೋಡೆಯ ಬುಡದಲ್ಲಿ ತಲೆತಗ್ಗಿಸಿ ಕೂತಿದ್ದರು.

“ಏನ್ ಸಾಬ್ರೆ ಇದು?”

“ನಾನೇ ತುಂಬಿದ್ದಮ್ಮ. ಇದೊಂದೇ ಗೋಡೆ, ಕಿಟಕಿ ಮಟ್ಟಕ್ಕೆ. ಆಮೇಲೆ ಮೇಡಂ ಬಂದು ನಿಂತ್ಕಂಡ್ರು, ಬಿಟ್ಟೆ.”

“ಯಾಕೆ ತುಂಬಿದ್ರಿ?”

“ನಮ್ಮಪ್ಪನ ಕಾಲದಿಂದ ಗೋಡೆ ಕಟ್ಟೀವಿ. ಒಳಗೆ ಟೊಳ್ಳು ಬಿಟ್ಟೋನ್ನ ಕಳ್ಳ ಅಂತಾರೆ. ಕೂಸುಗಳು ಒರಗ್ಕಂಡು ಕುಂತ್ಕಳೋ ಗೋಡೆ ಇದು. ನಾಳೆ ಅಲ್ಲಾ ಕೇಳಿದ್ರೆ ಏನು ಹೇಳ್ಲಿ? ಮರಳು ಸಂಘದ್ದಲ್ಲ, ನಮ್ಮನೇದು. ಜರಡಿ ಹಿಡಿದು ಹಾಕೀನಿ.”

“ದೇವರಿಗೆ ಹೆದರಿ ಮೇಡಂ ಕೈಗೆ ಸಿಕ್ಕಂಡ್ರಲ್ಲ ಸಾಬ್ರೆ,” ಎಂದಳು ರತ್ನ.

ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಖಾಲಿ ಜಾಗ ಯಾಕೆ ಬೇಕೆಂದು ಮೇಡಂ ನನಗೆ ಬಿಡಿಸಿ ಹೇಳಿದ್ದರು. ಸಾಬರಿಗೆ ನಾನು ಹೇಳಿದ್ದು “ಮೇಡಂ ಅಂದಂಗೆ ಕಟ್ರಿ” ಎಂದಷ್ಟೇ.

ಹೊತ್ತು ಮುಳುಗಿದ ಮೇಲೆ ಒಳಗಿನಿಂದ ಆ ಗೋಡೆ ಮುಟ್ಟಿ ನೋಡಿದೆ. ಕಿಟಕಿಯಿಂದ ಕೆಳಗೆ ಜ್ವರದ ಹಣೆಯಂತೆ ಬೆಚ್ಚಗಿತ್ತು. ಮೇಲೆ, ಟೊಳ್ಳು ಉಳಿದಿದ್ದ ಕಡೆ ತಣ್ಣಗೆ. ಸಾಬರನ್ನು ಕರೆದೆ. ಅವರು ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟು ನೋಡಿದರು.

“ಇದನ್ನ ಮೊದಲೇ ತೋರ್ಸಿದ್ರೆ ನಮ್ಮನೆ ಮರಳಾದ್ರೂ ಉಳೀತಿತ್ತಲ್ಲಮ್ಮ,” ಎಂದರು.

ಬೆಳಿಗ್ಗೆ ಮೇಡಂ ಜೀಪಿನಿಂದ ಇಳಿಯುತ್ತಲೇ ನಾನೇ ಎಲ್ಲ ಹೇಳಿಬಿಟ್ಟೆ, ನನ್ನ ಪಾಲಿನ ತಪ್ಪನ್ನೂ ಸೇರಿಸಿ. ಅವರು ತೂಗುಗುಂಡು ಇಳಿಬಿಟ್ಟು ಗೋಡೆಯ ಉದ್ದಕ್ಕೂ ನೋಡಿದರು. ಎಲ್ಲೂ ವಾಲಿರಲಿಲ್ಲ, ಉಬ್ಬಿರಲಿಲ್ಲ. ಆಮೇಲೆ ಸಾಬರ ಕಡೆ ತಿರುಗಿದರು.

“ಸಾಮಾನು ಕದ್ದ ಮೇಸ್ತ್ರಿಗಳನ್ನ ಬೇಕಾದಷ್ಟು ನೋಡೀನಿ. ತಮ್ಮನೇದು ತಂದು ಸೇರಿಸಿದೋರನ್ನ ಇವತ್ತೇ ನೋಡಿದ್ದು. ಒಡೆಯೋದು ಬೇಡ. ಹೊರಗಡೆಯಿಂದ ಅಡಿಯ ಸಾಲಿನಲ್ಲಿ ಅಲ್ಲಲ್ಲಿ ಒಂದೊಂದು ಇಟ್ಟಿಗೆ ತೆಗೆದು ಮರಳು ಇಳಿಸ್ರಿ. ಒಂದನ್ನ ಮುಚ್ಚಿದ ಮೇಲೆ ಇನ್ನೊಂದು.”

ಮೊದಲ ಇಟ್ಟಿಗೆ ತೆಗೆದಾಗ ಒಂದು ಹಿಡಿ ಮರಳು ಬಿದ್ದು ನಿಂತೇಹೋಯಿತು. ನಾನು ಸೆರಗಿನೊಳಗೆ ಕೈ ಮುಗಿದುಕೊಂಡೆ. ಗಾರೆಯ ಹೆಂಟೆ ಅಡ್ಡ ಬಂದಿತ್ತು. ಸಾಬರು ಕಬ್ಬಿಣದ ಸರಳು ತೂರಿಸಿ ತಿವಿದರು. ಆಗ ಮರಳು ಚೀಲದ ಬಾಯಿ ಬಿಚ್ಚಿದಂತೆ ಸುರಿಯಿತು. ಸಂಘದ ಹೆಂಗಸರೆಲ್ಲ ಸೇರಿ ಪುಟ್ಟಿಯಲ್ಲಿ ಹೊತ್ತು ಮುಂದಿನ ಅಂಗಳಕ್ಕೆ ಹಾಕಿದೆವು, ಮಕ್ಕಳ ಆಟಕ್ಕಾಯಿತು. ಮಳೆಗಾಲವಾಗಿದ್ದರೆ ಆ ಮರಳು ಒಳಗೇ ಮುದ್ದೆಗಟ್ಟಿ ಕೂತಿರುತ್ತಿತ್ತು. ಒಣಗಿಯೇ ಇತ್ತಲ್ಲ, ಅಷ್ಟು ಮಟ್ಟಿಗೆ ದೇವರು ದೊಡ್ಡವನು. ಗೋಡೆ ಕೂದಲೆಳೆಯಷ್ಟೂ ಬಿರುಕು ಬಿಡಲಿಲ್ಲ. ಮಧ್ಯಾಹ್ನ ಮೇಡಂ ಸಹಿ ಹಾಕಿದರು.

ಆ ಬೇಸಿಗೆಯಲ್ಲಿ ಒಂದು ಮಗುವೂ ತಲೆಸುತ್ತಿ ಬೀಳಲಿಲ್ಲ. ಹೊಸ ಪದ್ಧತಿಯಲ್ಲಿ ಕೆಲಸ ಮಾಡಿಸುವಾಗ ಹೇಗೆ ಎನ್ನುವುದರ ಜೊತೆಗೆ ಯಾಕೆ ಎನ್ನುವುದನ್ನೂ ಕೆಲಸಗಾರನಿಗೆ ಹೇಳಬೇಕು, ಪ್ರಾಮಾಣಿಕನಿಗಂತೂ ಹೇಳಲೇಬೇಕು. ನನ್ನ ಪುಟ್ಟ ಹುದ್ದೆ ಕಲಿಸಿದ್ದು ಇಷ್ಟು.

ಅಂದು ಸಹಿಯಾದ ಮೇಲೆ ಮನೆಗೆ ಬಂದವಳು ಕೈಕಾಲು ತೊಳೆದು, ಮುದ್ದೆಗೆ ಎಸರಿಟ್ಟೆ.