ಮುಟ್ಟದೆ ಸರಿಮಾಡುತ್ತಿದ್ದ ನಸೀಮಾ ಮೇಡಂ

ನಸೀಮಾ ಮೇಡಂ ಯಾರ ಕಂಪ್ಯೂಟರನ್ನೂ ಮುಟ್ಟುತ್ತಿರಲಿಲ್ಲ. ಕೆಟ್ಟು ಕುಳಿತ ಲ್ಯಾಪ್‌ಟಾಪನ್ನು ತಂದು ಎದುರಿಗಿಟ್ಟರೆ, ಎರಡೂ ಕೈಗಳನ್ನು ದುಪಟ್ಟಾದೊಳಗೆ ಸೇರಿಸಿಕೊಂಡು, ಕನ್ನಡಕದ ಮೇಲಿಂದ ಪರದೆಯನ್ನು ನೋಡುತ್ತ, “ಏನ್ ಬರ್ದಿದೆ ಅಲ್ಲಿ? ಜೋರಾಗಿ ಓದಿ” ಎನ್ನುತ್ತಿದ್ದರು. ಓದಿದರೆ ಅರ್ಧ ತೊಂದರೆ ಅಲ್ಲೇ ಬಗೆಹರಿಯುತ್ತಿತ್ತು. ಏಕೆಂದರೆ ನಾವು ಯಾರೂ ಓದುತ್ತಲೇ ಇರಲಿಲ್ಲ. ಪರದೆಯ ಮೇಲೆ ಏನೋ ಒಂದು ಚೌಕ ಮೂಡಿದ ಕೂಡಲೇ ಗಾಬರಿಯಿಂದ ಮುಚ್ಚಿಬಿಡುತ್ತಿದ್ದೆವು.

ಗಂಗಾನಗರದ ನಮ್ಮ ಕಟ್ಟಡದಲ್ಲಿ ಅವರದು ನೆಲಮಹಡಿ, ನಮ್ಮದು ಅದರ ಮೇಲಿನದು. ಅವರು ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಒಬ್ಬರೇ ಇದ್ದರೂ ಸಂಜೆಯ ಹೊತ್ತು ಅವರ ಮನೆಯ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿಲ್ಲ.

ಶಾಲೆಗಳೆಲ್ಲ ಮುಚ್ಚಿ, ಮನೆಯಿಂದಲೇ ಪಾಠ ಮಾಡಬೇಕಾಗಿ ಬಂದಾಗ ಅವರ ಪರಿಚಯವಾಯಿತು. ನಾನು ಮೂರನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಒಂದು ಬೆಳಿಗ್ಗೆ ಮಕ್ಕಳು ಯಾರಿಗೂ ನನ್ನ ದನಿ ಕೇಳಿಸಲಿಲ್ಲ. ಪುಟ್ಟ ಪುಟ್ಟ ಮುಖಗಳು ಕಿವಿ ತೋರಿಸಿ ಕೈ ಆಡಿಸುತ್ತಿದ್ದವು. ಹೆಡ್ ಮೇಡಂ ಕೂಡ ಅಂದು ಪಾಠ ನೋಡಲು ಬಂದು ಕೂತಿದ್ದರು. ನಾನು ಕಂಡ ಕಂಡ ಗುಂಡಿಗಳನ್ನೆಲ್ಲ ಒತ್ತಿ, ಬೆವತು, ಕೊನೆಗೆ ಕೆಳಗೆ ಓಡಿದೆ. ಮೇಡಂ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಾಚೆಯೇ ನಿಂತರು.

“ನಿನ್ನೆ ಕೇಳಿಸ್ತಿತ್ತಾ?”

ಕೇಳಿಸುತ್ತಿತ್ತು ಎಂದೆ.

“ಹಂಗಾದ್ರೆ ನಿನ್ನೆಯಿಂದ ಇವತ್ತಿಗೆ ಏನ್ ಬದಲಾಯ್ತು ಅಂತ ಯೋಚ್ನೆ ಮಾಡಮ್ಮ. ಅಲ್ಲೀವರ್ಗೂ ಏನೂ ಒತ್ಬೇಡ.”

ಬದಲಾಗಿದ್ದು ಒಂದೇ. ನನ್ನ ಗಂಡನ ಹಳೆಯ ಇಯರ್‌ಫೋನನ್ನು ಅಂದು ಸಿಕ್ಕಿಸಿಕೊಂಡಿದ್ದೆ. ಕಿತ್ತು, “ಈಗ?” ಎಂದೆ. ಕೂಡಲೇ ಆ ಕಡೆಯಿಂದ ಮಕ್ಕಳೆಲ್ಲ ಒಟ್ಟಿಗೆ “ಕೇಳಿಸ್ತು ಮಿಸ್” ಎಂದರು. ತಿರುಗಿ ನೋಡುವಷ್ಟರಲ್ಲಿ ಮೇಡಂ ಅರ್ಧ ಮೆಟ್ಟಿಲು ಇಳಿದಾಗಿತ್ತು.

ಆಮೇಲೆ ನಾನು ಹೋಗಿ ಬರುವುದು ಹೆಚ್ಚಾಯಿತು. ಪಾಸ್‌ವರ್ಡ್ ತಪ್ಪು ತಪ್ಪು ಎಂದು ಯಂತ್ರ ಹಟ ಮಾಡಿದರೆ ದೊಡ್ಡಕ್ಷರದ ಗುಂಡಿಯ ದೀಪ ಉರಿಯುತ್ತಿದೆಯೇ ನೋಡಬೇಕು. ಪುಟದ ಅಕ್ಷರಗಳು ಇದ್ದಕ್ಕಿದ್ದಂತೆ ಕುಂಬಳಕಾಯಿಯಷ್ಟಾದರೆ ಕಂಟ್ರೋಲ್ ಹಿಡಿದು ಸೊನ್ನೆ ಒತ್ತಬೇಕು. ತಪ್ಪಿ ಮುಚ್ಚಿದ ಪುಟ ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ವಾಪಸ್ ಬರುತ್ತದೆ. ಒಮ್ಮೆ ಪ್ರಶ್ನೆಪತ್ರಿಕೆ ಇಡಿಯಾಗಿ ಅಳಿಸಿಹೋಗಿ ನಾನು ಕಣ್ಣಲ್ಲಿ ನೀರು ತಂದುಕೊಂಡು ಕೆಳಗೆ ಹೋದಾಗ, “ಅಳೋದು ಆಮೇಲೆ. ಮೊದ್ಲು ಕಂಟ್ರೋಲ್ ಝಡ್” ಎಂದಿದ್ದರು. ಪ್ರಶ್ನೆಪತ್ರಿಕೆ ಮರಳಿ ಬಂತು, ಅಳುವ ಪ್ರಮೇಯ ಬರಲಿಲ್ಲ. “ಯಂತ್ರಕ್ಕೆ ನಮ್ ಮೇಲೆ ಹಗೆ ಏನಿಲ್ಲ ಕಣಮ್ಮ. ನಾವು ಕೊನೇಲಿ ಏನ್ ಮಾಡಿದ್ವಿ ಅಂತ ಅದಕ್ಕೆ ನೆನಪಿರುತ್ತೆ, ನಮಗಿರಲ್ಲ” ಎನ್ನುವುದು ಅವರ ಮಾತು.

ಅವರೂ ಎಡವಿದ್ದುಂಟು. ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಎಂಬುದು ಅವರ ಮೆಚ್ಚಿನ ಮದ್ದು. ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ದೀಪಕ್ ಎಂಬ ಎಂ.ಬಿ.ಎ. ವಿದ್ಯಾರ್ಥಿಗೆ ಅದನ್ನೇ ಹೇಳಿದರು. ಅವನು ಬರೆದು ಉಳಿಸದೇ ಇಟ್ಟಿದ್ದ ವರದಿಯೆಲ್ಲ ಹೊರಟುಹೋಯಿತು. ಮಂಡಿ ನೋವಿನಲ್ಲೇ ಎರಡು ಮಹಡಿ ಹತ್ತಿ ಹೋಗಿ, “ಕೇಳ್ದೆ ಹೇಳ್ಬಿಟ್ಟೆ, ತಪ್ಪಾಯ್ತು ಮಗಾ” ಎಂದು ಬಂದರು. ಆ ಮೇಲೆ ಯಾರು ಬಂದರೂ, ಸಲಾಂ ನಮಸ್ಕಾರಗಳಿಗಿಂತ ಮೊದಲು, “ಸೇವ್ ಮಾಡಿದ್ದೀರಾ?” ಎಂದು ಕೇಳುತ್ತಿದ್ದರು.

ಅವರು ಕೈ ಕಟ್ಟಿ ಕೂರುವುದು ನನಗೆ ಕಠಿಣವೆನಿಸಿದ್ದು ಒಂದೇ ಸಲ. ನಮ್ಮ ಬೀದಿಯ ಮುನಿರಾಜಣ್ಣನವರದು ಇಲ್ಲಿ ಹೊಲಗದ್ದೆಗಳಿದ್ದ ಕಾಲದಿಂದಲೂ ಇರುವ ಮನೆತನ. ಅವರ ಹೆಂಡತಿ ಜಯಮ್ಮನಿಗೆ ಗಂಟಲಿನ ದೊಡ್ಡ ಆಪರೇಷನ್ ಆಗಿ ಮಾತೇ ಹೊರಟುಹೋಗಿತ್ತು. ಕೈಸನ್ನೆಯಲ್ಲೇ ಸಂಸಾರ ನಡೆಯುತ್ತಿತ್ತು. ಒಂದು ಸಂಜೆ ನಾನು ಮೇಡಂ ಮನೆಯಲ್ಲಿದ್ದಾಗ ಗಂಡಹೆಂಡಿರಿಬ್ಬರೂ ಬಂದರು. ಮುನಿರಾಜಣ್ಣನ ಫೋನು ಜಾಗವೆಲ್ಲ ತುಂಬಿ ಸ್ತಬ್ಧವಾಗಿತ್ತು. ಯಾವ ಗುಂಡಿಗೂ ಅಲುಗುತ್ತಿರಲಿಲ್ಲ.

“ಅಂಗಡಿಯೋನು ಎಲ್ಲಾ ಅಳಿಸ್ಬೇಕು ಅಂತಾನೆ ಮೇಡಮ್ಮೋರೆ. ಅದ್ರಾಗೆ ಇವಳ ದನಿ ಐತೆ. ಇನ್ನೆಲ್ಲೂ ಇಲ್ಲ” ಎಂದರು. ಜಯಮ್ಮ ಆಪರೇಷನ್ನಿಗೆ ಮೊದಲು ವಾಟ್ಸಾಪಿನಲ್ಲಿ ಕಳಿಸುತ್ತಿದ್ದ ಮಾತುಗಳು ಅವು.

ಮೇಡಂ ಪಕ್ಕದ ಗುಂಡಿಯನ್ನು ಒತ್ತಿ ಹಿಡಿಯಲು ಹೇಳಿದರು. ಫೋನು ಆರಿ ಮತ್ತೆ ಹೊತ್ತಿಕೊಂಡಿತು, ಆದರೆ ತೆವಳುತ್ತಿತ್ತು. ವಾಟ್ಸಾಪನ್ನು ಮಾತ್ರ ಕಿತ್ತು ಹಾಕಬೇಡಿ, ಮೊದಲು ಬೇಡದ ವಿಡಿಯೊಗಳನ್ನು ಅಳಿಸಿ ಜಾಗ ಮಾಡಿ ಎಂದರು. ಮುನಿರಾಜಣ್ಣ ಒಂದೆರಡು ಸಲ ಪರದೆಯ ಮೇಲೆ ಬೆರಳಾಡಿಸಿ ನೋಡಿದರು. “ನನ್ ಕೈಲಾಗಲ್ಲ. ನೀವೇ ಮಾಡ್ಕೊಡಿ” ಎಂದು ಫೋನನ್ನು ಚಾಚಿದರು. ಮೇಡಂ ತೆಗೆದುಕೊಳ್ಳಲಿಲ್ಲ. ನನಗೆ ಸಿಟ್ಟೇ ಬಂತು.

“ನಿಮ್ಮನೆಯೋರ ದನಿ ಮುನಿರಾಜಣ್ಣ. ಬೇಕು ಅನ್ನಿಸ್ದಾಗ ನೀವೇ ತೆಗೆದು ಕೇಳೋ ಹಾಗಾಗ್ಬೇಕು. ಅವಸರ ಏನಿಲ್ಲ, ನಾನು ಇಲ್ಲೇ ಕೂತಿರ್ತೀನಿ” ಎಂದರು.

ಹೊತ್ತು ಮುಳುಗಿ ಮಗ್ರಿಬ್ ನಮಾಜಿನ ಕರೆ ಕೇಳಿಬಂತು. ಮೇಡಂ ಒಳಗೆ ಹೋಗಿ ನಮಾಜು ಮುಗಿಸಿ ಬಂದು ಮತ್ತೆ ಕುಳಿತರು. ಮುನಿರಾಜಣ್ಣ ಗುಡ್ ಮಾರ್ನಿಂಗ್ ವಿಡಿಯೊಗಳನ್ನು ಒಂದೊಂದಾಗಿ ಅಳಿಸುತ್ತ ಹೋದರು. ಫೋನು ನಿಧಾನಕ್ಕೆ ಜೀವ ತಳೆಯಿತು. ಆಮೇಲೆ ಮುನಿರಾಜಣ್ಣನೇ ಮೇಡಂ ಅವರ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ಅವರು ಹೇಳಿದಂತೆ ದನಿಗಳ ಕಡತವನ್ನು ಅದಕ್ಕೆ ಎಳೆದು ಹಾಕಿದರು. ಪೆನ್‌ಡ್ರೈವಿಗೂ ಹಾಕಿಸಿದ ಮೇಡಂ, “ಒಂದೇ ಕಡೆ ಇದ್ರೆ ಇಲ್ಲ ಅಂತ್ಲೇ ತಿಳ್ಕೊಳ್ಳಿ” ಎಂದರು.

ಸರಿಯಾಗಿ ಬಂದಿದೆಯೇ ನೋಡಲು ಮುನಿರಾಜಣ್ಣ ಒಂದನ್ನು ಒತ್ತಿದರು. ಗಟ್ಟಿ ಹೆಣ್ಣುದನಿಯೊಂದು ಕೋಣೆಯಲ್ಲಿ ತುಂಬಿಕೊಂಡಿತು: “ಎಲ್ಲಿದ್ದೀರಾ? ಮುದ್ದೆ ಆರೋಯ್ತಾ ಐತೆ. ಬರೋವಾಗ ಕೊತ್ತಂಬ್ರಿ ತನ್ನಿ, ಓದ್ಸಲದಂಗೆ ಮರೀಬ್ಯಾಡಿ.”

ಜಯಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು, ಸದ್ದಿಲ್ಲದೆ, ಭುಜ ಕುಲುಕುವಂತೆ. ಗಂಡನ ತೋಳು ತಟ್ಟಿ, ಅಂದೂ ಮರೆತೇ ಬಂದಿದ್ದಿರಿ ಎಂದು ಕೈ ಅಲ್ಲಾಡಿಸಿ ತೋರಿಸಿದರು. ಮುನಿರಾಜಣ್ಣ ಅದೇ ದನಿಯನ್ನು ತಾವೇ ಮತ್ತೊಮ್ಮೆ ಹಚ್ಚಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮರುವರ್ಷ ಕೋಲಾರದಲ್ಲಿದ್ದ ಮೇಡಂ ಅವರ ಅಕ್ಕ ಮೆಹರುನ್ನೀಸಾ ಜಾರಿಬಿದ್ದು ಸೊಂಟ ಮುರಿದುಕೊಂಡರು. ನೋಡಿಕೊಳ್ಳಲೆಂದು ಮೇಡಂ ಮನೆ ಖಾಲಿ ಮಾಡಿಕೊಂಡು ಹೊರಟರು. ಒಂದು ಭಾನುವಾರ ಅವರಿಂದ ಫೋನ್ ಬಂತು. ಫೋನಿನ ದನಿ ಸಣ್ಣಗಾಗಿದೆ, ಏನು ಮಾಡಬೇಕು ಎಂದು ಕೇಳಿದರು. ಅವರು ನನ್ನನ್ನು ಕೇಳುವುದೇ? ಹೆಮ್ಮೆಯಿಂದ, ಅದನ್ನು ಒತ್ತಿ ಇದನ್ನು ಒತ್ತಿ ಎಂದು ನಾನು ಹೇಳುತ್ತ ಹೋದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು ನಕ್ಕರು.

“ಫೋನ್ ಚೆನ್ನಾಗೇ ಇದೆ ಸುಮಾ. ನಿನ್ ಜೊತೆ ಮಾತಾಡೋಣ ಅನ್ನಿಸ್ತು. ಸುಮ್ನೆ ಹೆಂಗ್ ಮಾಡೋದು ಅಂತ ಒಂದು ನೆಪ ಹುಡುಕ್ದೆ.”

ಅಂದು ತುಂಬ ಹೊತ್ತು ಮಾತಾಡಿದೆವು. ಚಳಿಗಾಲ ಕಳೆಯುವ ಮೊದಲೇ ಅವರ ಅಕ್ಕನಿಂದ ಸುದ್ದಿ ಬಂತು. ನಿದ್ದೆಯಲ್ಲೇ ಮೇಡಂ ಅವರ ಹೃದಯ ನಿಂತಿತ್ತು.

ಮುನಿರಾಜಣ್ಣನ ಕಾರಿನಲ್ಲಿ ಜಯಮ್ಮ ಮತ್ತು ನಾನು ಕೋಲಾರಕ್ಕೆ ಹೋದೆವು. ನಾವು ತಲಪುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಮುನಿರಾಜಣ್ಣ ಹೊರಗೆ ಗಂಡಸರ ಜೊತೆ ಕುಳಿತರು. ಜಯಮ್ಮ ಒಳಗೆ ಹೋಗಿ ಮೆಹರುನ್ನೀಸಾರ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಆ ಬೀದಿಯ ಹೆಂಗಸೊಬ್ಬಳು ಕಾಣಿಸಿಕೊಂಡಳು. ಕೈಯಲ್ಲಿ ಫೋನಿತ್ತು. ಒಳಗಿದ್ದ ಜನರನ್ನು ಕಂಡು ತಡೆದು, “ಮೇಡಂ ಇದ್ದಾರಾ? ಇದು ಮತ್ತೆ ನಿಂತೋಗಿದೆ” ಎಂದಳು.

ಯಾರೋ ಎದ್ದು ಹೋಗಿ ಅವಳ ಕಿವಿಯಲ್ಲಿ ಹೇಳಿದರು. ಅವಳು ಚಪ್ಪಲಿ ಬಿಟ್ಟು, ಫೋನನ್ನು ಸೆರಗಿನೊಳಗೆ ಸೇರಿಸಿಕೊಂಡು, ಚಾಪೆಯ ಮೇಲೆ ನನ್ನ ಪಕ್ಕ ಬಂದು ಕುಳಿತಳು.